ಪೀಪಿಯ ಬೂದು ಜೆರ್ಸಿ

ಮಾರ್ಚ್ ೪, ಸೋಮವಾರ

ಬಟ್ಟೆ ಕುಗ್ಗಿಹೋಯಿತೆಂದು ಅಳುತ್ತಾ ಬಂದ ಎಷ್ಟೋ ಜನರನ್ನು ಸಮಾಧಾನ ಮಾಡಿ ಕಳಿಸಿದ್ದೇನೆ. ಇವತ್ತು ನಾನೇ ಬೇಕಂತಲೇ ಒಂದು ಅಂಗಿ ಕುಗ್ಗಿಸಿದೆ, ಅದೂ ಯಜಮಾನಿಯ ಕಣ್ಣೆದುರಿಗೆ. ಆಕೆ ಬೈಯುವುದಿರಲಿ, ಚಪ್ಪಾಳೆ ತಟ್ಟಿದರು.

ನಮ್ಮ ಹೆಣಿಗೆ ಅಂಗಡಿಗೆ ಹೊಸ ನೂಲು ಬಂದಿದೆ. ತಂದವರು ನೂಲಿನ ಕಂಪನಿಯ ಇಂಜಿನಿಯರು. ಗಂಟೆ ಎಷ್ಟು ಎಂದು ಕೇಳಿದರೆ ಗಡಿಯಾರ ಹೇಗೆ ನಡೆಯುತ್ತದೆ ಎಂದು ಪಾಠ ಮಾಡುವ ಮನುಷ್ಯ. ಮಧ್ಯಾಹ್ನದೊಳಗೆ ಅವರಿಗೆ ಮೇಷ್ಟ್ರು ಎಂದು ಹೆಸರಿಟ್ಟಾಗಿತ್ತು. ನೂಲು ನೋಡುವುದಕ್ಕೆ ಸಾಧಾರಣ. ಒಳಗೊಂದು ಸಣ್ಣ ಎಳೆ ಇದೆಯಂತೆ, ಬಿಸಿಗಾಳಿ ಸೋಕಿದರೆ ಅದು ಮುದುಡುತ್ತದೆ. ಅದು ಮುದುಡಿದರೆ ಹೆಣಿಗೆಯ ಕುಣಿಕೆಗಳೂ ಬಿಗಿಯುತ್ತವೆ. ಎಲ್ಲಿ ಗಾಳಿ ಹಿಡಿದೆವೋ ಅಲ್ಲಿ ಮಾತ್ರ. ಹಾಗಾಗಿ ಯಂತ್ರದಲ್ಲಿ ಎಲ್ಲರಿಗೂ ಒಂದೇ ಥರದ ಚೀಲದಂಥ ಅಂಗಿ ಹೆಣೆದುಬಿಡುವುದು. ಆಮೇಲೆ ಅವರವರ ಮೈಗೆ ತಕ್ಕಂತೆ ಬಿಸಿಗಾಳಿಯಲ್ಲೇ ಸೊಂಟ, ಭುಜ, ತೋಳು ಕೂರಿಸುವುದು. ಕತ್ತರಿಗೂ ಕೆಲಸವಿಲ್ಲ, ಸೂಜಿಗೂ ಕೆಲಸವಿಲ್ಲ.

"ಒಂದು ವಿಷಯ ನೆನಪಿರ್ಲಿ," ಎಂದರು ಮೇಷ್ಟ್ರು. "ಒಂದ್ಸಲ ಬಿಗಿದ್ರೆ ಬಿಗೀತು. ಮತ್ತೆ ಸಡಿಲ ಆಗಲ್ಲ."

"ನಮ್ಮತ್ತೆ ಮುಖದ ಹಾಗೆ," ಎಂದೆ. ಪಾಪ, ಅದನ್ನೂ ಬರೆದುಕೊಳ್ಳಲು ಹೋದರು.

ಅಳತೆಗೆ ತಕ್ಕ ಗೊಂಬೆಗೆ ತೊಡಿಸಿ ಗಾಳಿ ಹಿಡಿಯಬೇಕು ಎಂಬುದು ಅವರ ವಾದ. ನಾನು ಒಪ್ಪಲಿಲ್ಲ. ಒಳಗೆ ದಪ್ಪನೆಯ ಬನಿಯನ್ ಹಾಕಿಸಿದರೆ ಚರ್ಮಕ್ಕೆ ಬಿಸಿ ತಾಗುವುದಿಲ್ಲ; ಆಮೇಲೆ ಬನಿಯನ್ ತೆಗೆದರೆ ಬೇಕಾದಷ್ಟು ಸಡಿಲವೂ ಉಳಿಯುತ್ತದೆ. ಮನುಷ್ಯರ ಮೈಮೇಲೇ ಮಾಡುತ್ತೇನೆ ಎಂದೆ. ಬಾಗಿಲಲ್ಲಿ ಬರುವವರನ್ನು ನೋಡಿಯೇ ಎದೆಯಳತೆ ಹೇಳುವವಳು ನಾನು, ಟೇಪು ಸುಮ್ಮನೆ ಕುತ್ತಿಗೆಗೆ ಶೋಭೆ. ಕೊನೆಗೆ ಯಜಮಾನಿಯನ್ನೇ ನಿಲ್ಲಿಸಿ ಮಾಡಿ ತೋರಿಸಿದೆ. ಮೇಷ್ಟ್ರು ಆಕೆಯ ಸುತ್ತ ತಿರುಗಿ ನೋಡಿ "ಪರವಾಗಿಲ್ವೇ" ಎಂದರು. ಪರವಾಗಿಲ್ಲವಂತೆ!

ಮಾರ್ಚ್ ೫, ಮಂಗಳವಾರ

ಮನೆಯಲ್ಲಿ ರಾದ್ಧಾಂತ.

ಹುಟ್ಟಿದ ಹೊಸದರಲ್ಲಿ ಒಂದೇ ಸ್ವರ ಹಿಡಿದು ಅಳುತ್ತಿದ್ದಳೆಂದು ನಮ್ಮವರು ಮಗಳಿಗೆ ಪೀಪಿ ಎಂದು ಹೆಸರಿಟ್ಟರು. ಹೆಸರು ಸುಳ್ಳಾಗಲಿಲ್ಲ. ಬ್ಯಾಸ್ಕೆಟ್‌ಬಾಲ್ ರೆಫರಿ ಆಗುತ್ತೇನೆಂದು ಈಗ ಹೊತ್ತುಹೊತ್ತಿಗೂ ವಿಷಲ್ ಕಚ್ಚಿಕೊಂಡೇ ತಿರುಗುತ್ತಾಳೆ. ಕಾಲೇಜಿನ ಪಂದ್ಯಗಳನ್ನೆಲ್ಲ ನಡೆಸಿಕೊಟ್ಟಾಯಿತು. ಈ ತಿಂಗಳ ಕೊನೆಯ ಭಾನುವಾರ ಲೀಗ್‌ನವರ ಆಯ್ಕೆ ಪಂದ್ಯ. ಅದರಲ್ಲಿ ಪಾಸಾದರೆ ನಿಜವಾದ ರೆಫರಿ; ತಪ್ಪಿದರೆ ಮುಂದಿನ ಆಯ್ಕೆ ಯಾವಾಗಲೋ ಏನೋ. ವರ್ಷವಿಡೀ ಅದನ್ನೇ ಜಪಿಸಿದವಳು ಇವತ್ತು ಬಂದು ನಾನು ಹೋಗುವುದಿಲ್ಲ ಎಂದು ಕೂತಳು.

ಕಾರಣ ಒಂದು ಬೂದು ಜೆರ್ಸಿ. ಅದನ್ನು ಪ್ಯಾಂಟಿನೊಳಗೆ ಸೇರಿಸಿ ಹಾಕಬೇಕಂತೆ, ಮೇಲೆ ಕೋಟು ಹಾಕುವಂತಿಲ್ಲವಂತೆ. ಅವಳು ಹದಿಮೂರಕ್ಕೆ ಕಾಲಿಟ್ಟಾಗ ಬೆನ್ನು ಬಾಗತೊಡಗಿತು. ಡಾಕ್ಟರು ಹೇಳಿದ ಬೆನ್ನುಪಟ್ಟಿಯನ್ನೆಲ್ಲ ಕಟ್ಟಿಸಿದೆವು. ಈಗ ಬಾಗುವುದು ನಿಂತಿದೆ, ತೊಂದರೆಯೇನೂ ಇಲ್ಲ ಎನ್ನುತ್ತಾರೆ. ಆದರೆ ಬಾಗಿದ್ದು ಬಾಗಿಯೇ ಇದೆ: ಬೆನ್ನಿನ ಬಲಗಡೆ ಉಬ್ಬು, ಎಡಗಡೆ ತಗ್ಗು, ಎಡಭುಜ ಕೆಳಗೆ. ದೊಗಲೆ ಕೋಟು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ; ಕಾಲೇಜಿನ ಪಂದ್ಯಗಳನ್ನೂ ಹಾಗೇ ನಡೆಸಿದ್ದು. ಕೋಟಿಲ್ಲದೆ ನಾನು ಅವಳನ್ನು ಹೊಸ್ತಿಲು ದಾಟಿಸಿದವಳಲ್ಲ.

"ಅಷ್ಟಕ್ಕೆಲ್ಲ ಯಾಕೆ ಬಿಡ್ತೀಯಾ?" ಎಂದರು ನಮ್ಮವರು. "ಬೆನ್ನು ನೋಡ್ಕೊಂಡು ಯಾರಾದ್ರೂ ಆಟ ಆಡ್ತಾರಾ?"

"ನೀವು ಸುಮ್ನಿರಿ," ಎಂದೆ. ಲಿಫ್ಟ್ ರಿಪೇರಿ ಮಾಡುವವರು, ಮೇಲೆ ಹೋದದ್ದು ಕೆಳಗೆ ಬಂದರೆ ಅವರಿಗೆ ಲೋಕವೇ ಸರಿಯಿದೆ.

ಪೀಪಿಯ ಕಡೆ ತಿರುಗಿ ಹೇಳಿದೆ: "ಜೆರ್ಸಿ ನಾನು ಮಾಡ್ಕೊಡ್ತೀನಿ. ನಿನ್ನ ಬೆನ್ನು ಡೊಂಕು ಅಂತ ದೇವರಿಗೂ ಗೊತ್ತಾಗ್ಬಾರ್ದು, ಹಾಗೆ."

"ನಿಜವಾಗ್ಲೂ?"

"ನಾನು ಹೇಳಿದ್ದು ಯಾವತ್ತು ಸುಳ್ಳಾಗಿದೆ?"

ಅವಳ ಮುಖ ಅರಳಿದ್ದನ್ನು ನೋಡಿ ನನಗೆ ಹಸಿವೇ ಹೋಯಿತು. ಹೊಸ ನೂಲು ಬಂದದ್ದೇ ಇದಕ್ಕೆ ಅನ್ನಿಸುತ್ತಿದೆ.

ಮಾರ್ಚ್ ೯, ಶನಿವಾರ

ಇವತ್ತು ಹೊಸ ನೂಲಿನ ಮೊದಲ ಗಿರಾಕಿ. ಬಸ್ ಓಡಿಸುವ ಹೆಂಗಸು, ಅಗಲ ಭುಜ, ಗಟ್ಟಿ ಕೈ. ತನ್ನ ಮೈಗೆ ಇದುವರೆಗೆ ಒಂದು ಸ್ವೆಟರೂ ಸರಿಯಾಗಿ ಕೂತಿಲ್ಲ ಎಂದರು.

"ಇದುವರೆಗೆ ನನ್ ಹತ್ರ ಬಂದಿರ್ಲಿಲ್ಲವಲ್ಲ," ಎಂದೆ.

ಕನ್ನಡಿ ಮುಂದೆ ನೆಟ್ಟಗೆ ನಿಲ್ಲಿಸಿ, ನೀಲಿ ಸ್ವೆಟರು ತೊಡಿಸಿ, ಗಾಳಿ ಹಿಡಿಯುತ್ತಾ ಬಂದೆ. ಸೊಂಟ ಕೂತಿತು, ತೋಳು ಕೂತಿತು, ಬೆನ್ನಿನಲ್ಲಿ ಒಂದು ಸುಕ್ಕಿಲ್ಲ. ಆಕೆ ತನ್ನನ್ನೇ ಮೇಲಿಂದ ಕೆಳಗೆ ನೋಡಿಕೊಂಡು, "ಅಯ್ಯೋ, ಇದು ನಾನೇನಾ?" ಎಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಾರ್ಚ್ ೧೨, ಮಂಗಳವಾರ

ಬಸ್ಸಮ್ಮ ಸ್ವೆಟರು ಹಿಡಿದುಕೊಂಡು ವಾಪಸು ಬಂದರು. ಕೂತರೆ ಬೆನ್ನ ಮೇಲೆ ಹತ್ತುತ್ತದಂತೆ. ಸ್ಟೇರಿಂಗ್ ತಿರುಗಿಸಿದರೆ ಕಂಕುಳಲ್ಲಿ ಹಿಡಿಯುತ್ತದಂತೆ.

"ನಿಂತಾಗ ಚೆನ್ನಾಗಿತ್ತಲ್ರೀ?" ಎಂದೆ.

"ನಿಂತ್ಕೊಂಡು ಬಸ್ ಓಡಿಸ್ಲಾ?" ಎಂದರು.

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕೆಲವರು ಕೂರುವ ರೀತಿಯೇ ಸರಿಯಿರುವುದಿಲ್ಲ, ಬೆನ್ನನ್ನು ಮೂಟೆಯ ಹಾಗೆ ಎಸೆದು ಕೂರುತ್ತಾರೆ. ಅದಕ್ಕೆ ನನ್ನ ಹೆಣಿಗೆ ಏನು ಮಾಡಬೇಕು?

ಮಾರ್ಚ್ ೧೩, ಬುಧವಾರ

ಪೀಪಿಯ ಜೆರ್ಸಿ ಆಯಿತು!

ಸಂಜೆ ಅಂಗಡಿ ಖಾಲಿಯಾದ ಮೇಲೆ ಅವಳನ್ನು ಅಳತೆ ಕೋಣೆಗೆ ಕರೆಸಿಕೊಂಡೆ. ಯಜಮಾನಿ ಬೂದು ನೂಲಿನಲ್ಲಿ ಎರಡು ಚೀಲದಂಗಿ ಹೆಣೆಸಿದ್ದರು, ಒಂದನ್ನು ನನಗೆ ಕೊಟ್ಟರು. ಬಲಬೆನ್ನಿನ ಉಬ್ಬಿನ ಮೇಲೆ ಒಂದೊಂದೇ ಸಾಲು ಬಿಗಿ ಮಾಡಿ ಒತ್ತಿದೆ. ಎಡಗಡೆ ತಗ್ಗಿರುವಲ್ಲಿ ಗಾಳಿ ಸೋಕಿಸದೆ, ಸುತ್ತಲೂ ಮಾತ್ರ ಬಿಗಿ ಮಾಡಿದೆ. ನಡುವಿನ ಹೆಣಿಗೆ ತಾನಾಗಿ ಉಬ್ಬಿ ನಿಂತು ತಗ್ಗನ್ನು ಮುಚ್ಚಿತು. ಎಡಭುಜದ ಮೇಲೂ ಅದೇ ಉಪಾಯ. ಇದು ಯಾವ ಪಾಠದಲ್ಲೂ ಇಲ್ಲ, ನನ್ನ ತಲೆಯಿಂದ ಬಂದದ್ದು. ಮೇಷ್ಟ್ರು ಕಂಡರೆ ಕುರ್ಚಿಯಿಂದ ಬೀಳುತ್ತಾರೆ.

ಪೀಪಿ ಕಂಬದ ಹಾಗೆ ನಿಂತಿದ್ದಳು. ಒಂದು ಮಾತಿಲ್ಲ, ಒಂದು ಅಲುಗಾಟವಿಲ್ಲ. ಎಂಥ ಶಿಸ್ತು! ಎಲ್ಲ ಗಿರಾಕಿಗಳೂ ಹೀಗೆ ನಿಂತರೆ ನನ್ನ ಅರ್ಧ ಆಯುಸ್ಸು ಉಳಿಯುತ್ತದೆ.

ಕನ್ನಡಿಯಲ್ಲಿ ನೋಡಿದರೆ ಎರಡು ಭುಜವೂ ಸಮ. ಬೆನ್ನು ಹಲಗೆಯ ಹಾಗೆ. ಅವಳನ್ನು ಹಾಗೆ ನೋಡಿ ಎಷ್ಟು ವರ್ಷವಾಗಿತ್ತೋ. ನಾನು ಅತ್ತೇಬಿಟ್ಟೆ, ಸಂತೋಷಕ್ಕೆ.

"ಚೆನ್ನಾಗಿದೆಯಾಮ್ಮ?" ಎಂದು ಅವಳೇ ನನ್ನನ್ನು ಕೇಳಿದಳು.

"ಚೆನ್ನಾಗಿದೆಯಾ ಅಂತೀಯಾ? ಎದೆ ಎತ್ಕೊಂಡು ಹೋಗು!"

ಮಾರ್ಚ್ ೧೬, ಶನಿವಾರ

ಇವತ್ತು ಅಭ್ಯಾಸ ಪಂದ್ಯಕ್ಕೆ ಪೀಪಿ ಹೊಸ ಜೆರ್ಸಿ ಹಾಕಿಕೊಂಡು ಹೋಗಿದ್ದಳು. ವಾಪಸು ಬಂದವಳು ಬಾಗಿಲನ್ನು ಗೋಡೆಗೆ ಬಡಿದಳು. ಮೇಲೆ ಕೋಟು, ಕೈಯಲ್ಲಿ ಮುದ್ದೆ ಮಾಡಿದ ಜೆರ್ಸಿ.

"ಏನಾಯ್ತೇ?"

"ವಿಷಲ್ ಊದಿದೆ. ಬರ್ಲಿಲ್ಲ."

"ವಿಷಲ್ ಕೆಟ್ಟಿರ್ಬೇಕು, ಬೇರೆ ತಗೋ."

"ವಿಷಲ್ ಕೆಟ್ಟಿಲ್ಲಮ್ಮ. ಉಸಿರೇ ಬರ್ಲಿಲ್ಲ!"

ಅಳುತ್ತಾ, ಸಿಡುಕುತ್ತಾ ಹೇಳಿದಳು. ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದಂತೆ ಏದುಸಿರು ಬಂದಿದೆ. ಉಸಿರು ಎಳೆದುಕೊಳ್ಳಲು ಹೋದರೆ ಜೆರ್ಸಿ ಪಕ್ಕೆಗಳನ್ನು ಹಿಡಿದುಕೊಂಡಿದೆ. ಕಣ್ಣೆದುರೇ ಒಬ್ಬ ಇನ್ನೊಬ್ಬನನ್ನು ತಳ್ಳಿ ಕೆಡವಿದ್ದಾನೆ. ಇವಳು ಊದಿದರೆ ವಿಷಲ್ಲಿನಿಂದ ಬಂದದ್ದು ಪುಸ್ ಎಂಬ ಗಾಳಿ. ಆಟ ನಿಲ್ಲಲಿಲ್ಲ, ಬಿದ್ದವನ ಮೊಣಕೈ ತರಚಿಹೋಯಿತು. ಸಾಲದ್ದಕ್ಕೆ ಎಡಗಡೆ ನಾನು ಉಬ್ಬಿಸಿಟ್ಟದ್ದು ಓಡುತ್ತಾ ಓಡುತ್ತಾ ತಿರುಗಿ ಹೊಟ್ಟೆಯ ಹತ್ತಿರ ಬಂದಿತಂತೆ. ಒಳಗೆ ಚೆಂಡು ಬಚ್ಚಿಟ್ಟುಕೊಂಡಿದ್ದೀಯಾ ಎಂದು ಯಾರೋ ಕೇಳಿ ಎಲ್ಲರೂ ನಕ್ಕರಂತೆ.

"ಕನ್ನಡಿ ಮುಂದೆ ಸರಿಯಾಗೇ ಇತ್ತಲ್ಲ," ಎಂದೆ.

"ಆಗ ನಾನು ಉಸಿರು ಬಿಗಿ ಹಿಡ್ಕೊಂಡಿದ್ದೆ."

"ಹಿಡ್ಕೋ ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಬೇಕಾಗಿಲ್ಲ. ನೀನು ನೋಡ್ತಾ ಇದ್ರೆ ತಾನಾಗೇ ಆಗತ್ತೆ. ಹೊಟ್ಟೆ ಒಳಗೆ ಹೋಗತ್ತೆ, ಬೆನ್ನು ಸೆಟೆದುಕೊಳ್ಳತ್ತೆ. ನಿನ್ನ ಮುಂದೆ ನಾನು ಯಾವತ್ತಾದ್ರೂ ಆರಾಮಾಗಿ ನಿಂತಿದೀನಾ, ನೀನೇ ಹೇಳು!"

ನಮ್ಮವರು ಪೇಪರಿನ ಹಿಂದೆ ಅಡಗಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ನನ್ನ ಕೆಲಸದಲ್ಲಿ ತಪ್ಪಿಲ್ಲ, ಯಾರನ್ನು ಬೇಕಾದರೂ ಕರೆಸಿ ತೋರಿಸುತ್ತೇನೆ. ಮೈಯೇ ಸುಳ್ಳು ಹೇಳಿದರೆ ನೂಲು ಏನು ಮಾಡೀತು? ಅದು ಕಂಡದ್ದನ್ನು ಹಿಡಿದುಕೊಂಡಿತು.

ಮಾರ್ಚ್ ೧೭, ಭಾನುವಾರ

ಬರೆಯುವ ಮನಸ್ಸಿಲ್ಲ. ಬೆಳಿಗ್ಗೆ ಪೀಪಿಯ ಜೊತೆ ಕೋಟಿನ ಮಾತು ಬಂತು. ಬೀರುವಿನ ತುಂಬ ಇರುವ ಕೋಟುಗಳಲ್ಲಿ ಒಂದನ್ನೂ ತಾನು ಕೇಳಿರಲಿಲ್ಲ, ಎಲ್ಲ ನಾನೇ ತಂದದ್ದು ಎಂದಳು. ಹೌದು ತಂದೆ. ತಾಯಿ ಮಗಳಿಗೆ ಕೋಟು ತಂದರೆ ಅದೂ ಅಪರಾಧವೇ? ಜನರ ಬಾಯಿ ಇವಳಿಗೇನು ಗೊತ್ತು.

ಒಂದೊಂದು ಕೋಟನ್ನೂ ಹುಡುಕಿ ಹುಡುಕಿ ತಂದಿದ್ದೆ. ಬಣ್ಣ ನೋಡಿ, ಬಟ್ಟೆ ಮುಟ್ಟಿ.

ಮಾರ್ಚ್ ೧೮, ಸೋಮವಾರ

ಬಸ್ಸಮ್ಮನನ್ನು ನಾನೇ ಕರೆಸಿದೆ. ಹೊಸ ನೀಲಿ ಚೀಲದಂಗಿ ತೊಡಿಸಿ, ಈ ಸಲ ಕನ್ನಡಿಯ ಮುಂದಲ್ಲ, ಸ್ಟೂಲಿನ ಮೇಲೆ ಕೂರಿಸಿದೆ. ನೂಲಿನ ಡಬ್ಬದ ದೊಡ್ಡ ಮುಚ್ಚಳ ಕೈಗೆ ಕೊಟ್ಟು "ಓಡಿಸಿ" ಎಂದೆ.

"ಏನು ಓಡಿಸ್ಲಿ?"

"ಬಸ್ಸು. ದಿನಾ ಓಡಿಸೋ ಹಾಗೆ ಓಡಿಸಿ."

ಮೊದಮೊದಲು ನಾಚಿಕೊಂಡು ಮುಚ್ಚಳವನ್ನು ಹೂವಿನ ಹಾಗೆ ಹಿಡಿದಿದ್ದರು. ಎದುರಿಗೆ ಅಡ್ಡ ಬರುವ ಬೈಕಿನವರ ಸುದ್ದಿ ತೆಗೆದೆ ನೋಡಿ, ಎಲ್ಲಿತ್ತೋ ಆವೇಶ! "ಕಣ್ಣು ಎಲ್ಲಿಟ್ಟಿದೀಯೋ, ಮನೇಲಿ ಹೇಳಿ ಬಂದಿದೀಯೇನೋ" ಎಂದು ಬೈಯುತ್ತಾ ಮುಚ್ಚಳ ತಿರುಗಿಸತೊಡಗಿದರು. ಭುಜ ಮುಂದಕ್ಕೆ ಬಂತು, ಬೆನ್ನು ಗುಂಡಗಾಯಿತು, ಹೊಟ್ಟೆ ತನ್ನ ಜಾಗಕ್ಕೆ ಇಳಿಯಿತು. ಎಲ್ಲೆಲ್ಲಿ ಎಳೆಯುತ್ತದೆ, ಎಲ್ಲೆಲ್ಲಿ ಸುಕ್ಕಾಗುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡೆ. ಆಮೇಲೆ, ಅವರು ಬೈಯುತ್ತಿದ್ದಾಗಲೇ, ಗಾಳಿ ಹಿಡಿದೆ. ಸ್ವೆಟರು ಮೈಗೆ ಒಗ್ಗಿ ಕೂತಿತು. ಕನ್ನಡಿಯ ಮುಂದೆ ಅಷ್ಟೇನೂ ಚೆಂದವಿಲ್ಲ. ಆದರೆ ಆಕೆ ಕೈ ಚಾಚಿ, ತಿರುಗಿಸಿ, "ಏನೂ ಹಾಕ್ಕೊಂಡೇ ಇಲ್ಲ ಅನ್ಸತ್ತೆ" ಎಂದರು.

ಮೇಷ್ಟ್ರು ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. "ಇದು ಒಳ್ಳೇ ವಿಧಾನ. ನಿಮಗೆ ಹೇಗೆ ಹೊಳೀತು?"

"ನನಗೆ ಮೊದಲಿಂದ್ಲೂ ಗೊತ್ತಿತ್ತು," ಎಂದೆ.

ಅಳತೆಗೆ ನಿಲ್ಲಿಸಿದರೆ ಜನ ತಮ್ಮ ಮೈಯಲ್ಲೇ ಇರುವುದಿಲ್ಲ. ಇದು ಯಾರಿಗೆ ಗೊತ್ತಿಲ್ಲ.

ಮಾರ್ಚ್ ೨೧, ಗುರುವಾರ

ಪೀಪಿ ಮಾತು ಬಿಟ್ಟಿದ್ದಳು. ಇವತ್ತು ತಟ್ಟೆಯ ಮುಂದೆ ಕೂತಾಗ ಬಾಯಿ ಬಿಟ್ಟಳು.

"ನಾನು ಆಯ್ಕೆಗೆ ಹೋಗ್ತೀನಿ. ಲೀಗ್‌ನವರು ಕೊಡೋ ಜೆರ್ಸಿನೇ ಹಾಕ್ಕೊಂಡು ಹೋಗ್ತೀನಿ."

"ಅದ್ರಲ್ಲಿ ಎಲ್ಲಾ ಕಾಣತ್ತೆ ಅಂತ ನೀನೇ ಅಲ್ವೇನೇ ಅತ್ತಿದ್ದು?"

"ಕಾಣ್ಲಿ. ಆವತ್ತು ಅವನು ಬಿದ್ದಾಗ ನನ್ನ ಬೆನ್ನು ಹೇಗಿದೆ ಅಂತ ನಂಗೆ ನೆನಪೇ ಇರ್ಲಿಲ್ಲ. ಊದಕ್ಕಾಗ್ಲಿಲ್ವಲ್ಲ ಅಂತಷ್ಟೇ ಹೊಟ್ಟೆ ಉರೀತು."

ನಮ್ಮವರು "ಅದು ಮಾತು" ಎಂದರು. ನಾನು ಜೆರ್ಸಿ ತಂದು ತೋರಿಸು ಎಂದೆ. ತಂದಳು. ಯಾವ ಪುಣ್ಯಾತ್ಮ ಹೆಣೆದನೋ, ಗೋಣಿಚೀಲ ವಾಸಿ. ಕೈ ಎತ್ತಿದರೆ ಬಲಗಡೆ ಇಡೀ ಅಂಚು ಪ್ಯಾಂಟಿನಿಂದ ಹೊರಗೆ ಬರುತ್ತದೆ. ಫೌಲ್ ತೋರಿಸಲು ಮುಷ್ಟಿ ಎತ್ತಬೇಕು. ಒಂದೊಂದು ಸಲ ಎತ್ತಿದಾಗಲೂ ಇವಳು ಜೆರ್ಸಿ ಒಳಗೆ ತುರುಕಿಕೊಳ್ಳುತ್ತಾ ನಿಂತರೆ ಆಯ್ಕೆ ಮಾಡುವವರು ನೋಡುತ್ತಾ ಕೂರುತ್ತಾರೆಯೇ?

ಹೆಣಿಗೆಯವಳ ಮಗಳು ಇನ್ನೊಬ್ಬರ ಗೋಣಿಚೀಲ ಹಾಕಿಕೊಂಡು ಹೋಗುವುದೇ? ನಾನು ಸತ್ತಿದ್ದೇನೆಯೇ?

ಮಾರ್ಚ್ ೨೩, ಶನಿವಾರ

ಬೂದು ನೂಲು ಮುಗಿದಿದೆ. ಉಳಿದದ್ದು ಆ ಎರಡನೆಯ ಚೀಲದಂಗಿ ಮಾತ್ರ. ಹೊಸ ನೂಲು ಬರುವುದು ಮುಂದಿನ ತಿಂಗಳು. ಯಜಮಾನಿ ಆ ಅಂಗಿಯನ್ನು ಗಾಜಿನ ಕಿಟಕಿಯಲ್ಲಿ ಗೊಂಬೆಗೆ ತೊಡಿಸಿ ನಿಲ್ಲಿಸಿದ್ದರು.

"ಅದು ಬೇಕು," ಎಂದೆ.

"ಅದು ಪ್ರದರ್ಶನಕ್ಕೆ. ಒಂದು ಕೊಟ್ಟಾಯ್ತಲ್ಲ?"

"ಅದು ಹಾಳಾಯ್ತು."

"ನಿನ್ನ ಕೈಯಲ್ಲಾ?" ಆಕೆಗೆ ನಂಬಲಾಗಲಿಲ್ಲ. ನನಗೂ ಆ ಮಾತು ಹೇಗೆ ಬಾಯಿಂದ ಬಿತ್ತೋ.

"ಗೊಂಬೆ ರೆಫರಿ ಆಗಕ್ಕೆ ಹೋಗತ್ತಾ ಅಮ್ಮಾವ್ರೇ?"

"ಇದೂ ಕೆಟ್ರೆ?"

"ಕೆಡಲ್ಲ."

ಆಕೆ ತಾವೇ ಗೊಂಬೆಯ ಕೈ ಬಿಚ್ಚಿ ಅಂಗಿ ತೆಗೆದುಕೊಟ್ಟರು. ಕೆಡುವುದಿಲ್ಲ ಎಂದು ಹೇಳಿದ್ದೇನೋ ಸರಿ. ಬಸ್ಸಿನಲ್ಲಿ ಬರುವಾಗ ಅಂಗಿಯಿದ್ದ ಚೀಲವನ್ನು ಎರಡು ಕೈಯಲ್ಲೂ ಅಪ್ಪಿಕೊಂಡಿದ್ದೆ. ನನಗೆ ಭಯವಾಗಿದೆ. ಬರೆದುಬಿಟ್ಟೆ, ಇನ್ನು ಮಲಗುತ್ತೇನೆ.

ಮಾರ್ಚ್ ೨೪, ಭಾನುವಾರ

ಕೈ ಇನ್ನೂ ನೋಯುತ್ತಿದೆ, ಆದರೂ ಬರೆಯದೆ ಆಗದು.

ಬೆಳಿಗ್ಗೆಯೇ ಗಾಳಿಯಂತ್ರ ತಂದು ನಮ್ಮ ಮಹಡಿಯ ಉದ್ದನೆ ಹಜಾರದಲ್ಲಿ ಹೂಡಿದೆ. ಪೀಪಿ ಬನಿಯನ್, ಅದರ ಮೇಲೆ ಜೆರ್ಸಿ ಹಾಕಿಕೊಂಡು ಬಂದು ನನ್ನ ಮುಂದೆ ನಿಂತಳು. ನಿಂತ ಕೂಡಲೇ ಕಂಡಿತು: ಹೊಟ್ಟೆ ಒಳಗೆ, ಗಲ್ಲ ಮೇಲೆ, ಉಸಿರಿಲ್ಲ. ಇಷ್ಟು ದಿನ ಇದನ್ನೇ ಶಿಸ್ತು ಎನ್ನುತ್ತಿದ್ದೆನಲ್ಲ.

"ಉಸಿರಾಡೇ," ಎಂದೆ.

"ಆಡ್ತಾ ಇದೀನಿ."

"ಇಲ್ಲ."

"ಹಾಗಾದ್ರೆ ನೀನು ಆ ಕಡೆ ತಿರುಗು."

ಆ ಕಡೆ ತಿರುಗಿಕೊಂಡು ಗಾಳಿ ಹೇಗೆ ಹಿಡಿಯುವುದು? ನಮ್ಮವರನ್ನು ಕೂಗಿದೆ. ಚೆಂಡು ಕೈಗೆ ಕೊಟ್ಟು "ಆಡಿ" ಎಂದೆ. ಆ ಮನುಷ್ಯ ತಮ್ಮ ಜನ್ಮದಲ್ಲೇ ಚೆಂಡು ಮುಟ್ಟಿದವರಲ್ಲ. ಕಂಕುಳಲ್ಲಿ ಇಟ್ಟುಕೊಂಡು ಓಡಿದರು.

"ಅಪ್ಪಾ, ಟ್ರಾವೆಲಿಂಗ್!" ಎಂದಳು ಪೀಪಿ.

"ಏನು ಟ್ರಾವೆಲಿಂಗು, ಮನೆ ಮುಂದೇನೇ ಇದೀನಲ್ಲ?"

"ಚೆಂಡು ಕುಟ್ಟದೆ ಓಡಂಗಿಲ್ಲ!" ಎಂದು ವಿಷಲ್ ಊದಿದಳು. ಅವರು ಹಟಕ್ಕೆ ಬಿದ್ದು ಇನ್ನೂ ಜೋರಾಗಿ ಓಡಿದರು. ಇವಳು ಬೆನ್ನಟ್ಟಿದಳು. ಅವರು ಗೋಡೆಗೆ ಒರಗಿ ಅವಳನ್ನೇ ತಳ್ಳಿದರು. ಮುಷ್ಟಿ ಮೇಲೆ ಹೋಯಿತು, ವಿಷಲ್ ಕಿರುಚಿತು. ಎದುರು ಮನೆಯ ಮುದುಕರು ಬಾಗಿಲು ತೆಗೆದು ಬೆಂಕಿ ಬಿತ್ತೇ ಎಂದು ಕೇಳಿದರು. "ಇಲ್ಲ, ಅಳತೆ ತಗೊಳ್ತಿದೀವಿ," ಎಂದೆ. ಅವರು ಮತ್ತೆ ಬಾಗಿಲು ಹಾಕಿಕೊಂಡರು.

ನಾನು ಸೀಮೆಸುಣ್ಣ ಹಿಡಿದು ಹಿಂದೆ ಹಿಂದೆ ಓಡಿದೆ. ಅವಳು ನಗುತ್ತಾ ಏದುಸಿರು ಬಿಡುತ್ತಾ ನಿಂತಾಗ ಬೆನ್ನ ಮೇಲೆ ಎರಡೂ ಅಂಗೈ ಇಟ್ಟೆ. ಕಟ್ಟಿಸಿದ ಪಟ್ಟಿಯ ಮೇಲೆ ಕೈಯಿಟ್ಟಿದ್ದೇನೆ, ಕೋಟಿನ ಮೇಲೆ ಇಟ್ಟಿದ್ದೇನೆ, ಹೀಗೆ ಇಟ್ಟಿರಲಿಲ್ಲ. ಬಲಗೈ ಕೆಳಗೆ ಉಸಿರು ದೊಡ್ಡದಾಗಿ ಏಳುತ್ತದೆ. ಎಡಗೈ ಕೆಳಗೆ ಸಣ್ಣದು, ಸ್ವಲ್ಪ ತಡವಾಗಿ ಬರುತ್ತದೆ. ಮೊದಲ ಜೆರ್ಸಿಯಲ್ಲಿ ಎರಡೂ ಕಡೆ ಸಮ ಮಾಡಿದ್ದೆನಲ್ಲ, ಉಸಿರಾಡುವುದು ಎಲ್ಲಿಂದ? ಬಲಗಡೆ ಕುಣಿಕೆಗಳನ್ನು ಸಡಿಲ ಬಿಟ್ಟೆ. ಎಡಗಡೆ ತಗ್ಗಿನೊಳಕ್ಕೆ, ಮೈ ಹೋದಲ್ಲೆಲ್ಲ, ಹೆಣಿಗೆಯನ್ನೂ ಕಳಿಸಿದೆ. ಭುಜ ಇದ್ದಲ್ಲೇ ಭುಜ. ಬಲಬದಿ ಅಂಚನ್ನು ಉದ್ದ ಬಿಟ್ಟೆ, ಕೈ ಎತ್ತಿದರೂ ಹೊರಗೆ ಬರಬಾರದು. ಅವಳು ಉಸಿರು ತುಂಬಿಕೊಂಡಾಗ ಮಾತ್ರ ಗಾಳಿ ಹಿಡಿದೆ, ಬಿಟ್ಟಾಗ ನಿಲ್ಲಿಸಿದೆ. ಅವಳು ಅಪ್ಪನ ಜೊತೆ ಜಗಳವಾಡುತ್ತಲೇ ಇದ್ದಳು.

ಮುಗಿದಾಗ ಮೂವರಿಗೂ ಬೆವರು. ಪೀಪಿ ಹಜಾರದ ಆ ತುದಿಯಿಂದ ಈ ತುದಿಗೆ ಓಡಿ, ಮುಷ್ಟಿ ಎತ್ತಿ, ಕಿವಿ ಹರಿಯುವ ಹಾಗೆ ಊದಿದಳು. ಜೆರ್ಸಿ ಜಾಗ ಬಿಟ್ಟು ಕದಲಲಿಲ್ಲ.

ಉಬ್ಬು ಕಾಣುತ್ತದೆ, ತಗ್ಗೂ ಕಾಣುತ್ತದೆ. ಕಾಣದೆ ಏನು, ಹೆಣಿಗೆ ಅಷ್ಟು ಚೆನ್ನಾಗಿ ಕೂತಿದೆ.

ಮಾರ್ಚ್ ೨೭, ಬುಧವಾರ

ಮೇಷ್ಟ್ರಿಗೂ ಒಂದು ಸ್ವೆಟರು ಮಾಡಿಕೊಟ್ಟೆ. ಕೆಲಸ ಶುರು ಮಾಡುವ ಮೊದಲು, ಬಿಸಿಯಾದರೆ ನೂಲು ಯಾಕೆ ಮುದುಡುತ್ತದೆ ಹೇಳಿ ಎಂದೆ, ಅಷ್ಟೇ. ಮುಗಿಯುವವರೆಗೂ ಒಂದು ಕೈ ಗಾಳಿಯಲ್ಲಿ ಆಡಿಸುತ್ತಾ ಮುಂದಕ್ಕೆ ಬಾಗಿ ಪಾಠ ಮಾಡಿದರು. ಅದೇ ಅವರ ನಿಜವಾದ ಅಳತೆ.

ಮಾರ್ಚ್ ೩೦, ಶನಿವಾರ

ನಾಳೆ ಆಯ್ಕೆ. ನಾನು ಇದುವರೆಗೆ ಅವಳ ಒಂದು ಪಂದ್ಯಕ್ಕೂ ಹೋದವಳಲ್ಲ. ಅಂಗಡಿ ಬಿಟ್ಟು ಬರಲಾಗುತ್ತಿರಲಿಲ್ಲ. ನಾಳೆಯೂ ಕೆಲಸವಿದೆ. ಜೆರ್ಸಿ ಹೇಗೆ ಓಡುತ್ತದೆ ಎಂದು ಕಣ್ಣಾರೆ ನೋಡಬೇಕಲ್ಲ, ಅದಕ್ಕೆ ಹೋಗುತ್ತಿದ್ದೇನೆ. ವೃತ್ತಿಯ ವಿಷಯ.

ಮಾರ್ಚ್ ೩೧, ಭಾನುವಾರ

ಆಯ್ಕೆಯಾದಳು! ಮೊದಲು ಅದನ್ನು ಬರೆದುಬಿಡುತ್ತೇನೆ, ಆಮೇಲೆ ಉಳಿದದ್ದು.

ಎತ್ತರದ ಚಾವಣಿಯ ಒಳಾಂಗಣ, ಮೆಟ್ಟಿಲು ಮೆಟ್ಟಿಲಾಗಿ ಬೆಂಚು, ತುಂಬ ಜನ. ನಮ್ಮವರು ಟಿಕೆಟ್ಟಿನ ಸಾಲಿನಲ್ಲೇ ಯಾರದೋ ಜೊತೆ ಲಿಫ್ಟಿನ ಮಾತು ಹಚ್ಚಿಕೊಂಡು ಉಳಿದರು. ನಾನು ಮುಂದಿನ ಬೆಂಚಿನಲ್ಲಿ ಜಾಗ ಹಿಡಿದೆ. ಪಕ್ಕದಲ್ಲಿ ಒಬ್ಬ ಹೆಂಗಸು. ಕೆಂಪು ತಂಡದಲ್ಲಿ ಆಡುವ ಎತ್ತರದ ಹುಡುಗ ತನ್ನ ಮಗ ಎಂದು ಕೂತ ಕೂಡಲೇ ಹೇಳಿದರು.

ಪೀಪಿ ಹೊರಗೆ ಬಂದಳು. ಅಷ್ಟು ದೀಪಗಳ ಕೆಳಗೆ, ಅಷ್ಟು ಜನರ ಮುಂದೆ, ಮೇಲೊಂದು ಕೋಟಿಲ್ಲ. ಅವಳಿಗೆ ಯಾರತ್ತ ನೋಡುವ ಪುರಸೊತ್ತೂ ಇರಲಿಲ್ಲ, ಚೆಂಡಿನ ಗಾಳಿ ಒತ್ತಿ ನೋಡುತ್ತಿದ್ದಳು.

"ಆ ರೆಫರಿ ಹುಡುಗಿ ಬೆನ್ನು ಡೊಂಕು ಅಲ್ವಾ?" ಎಂದರು ಪಕ್ಕದವರು.

"ಹೌದು, ಡೊಂಕು," ಎಂದೆ. "ಜೆರ್ಸಿ ಹೇಗೆ ಕೂತಿದೆ ನೋಡಿ. ಕೈ ಎತ್ತಿದಾಗ ಅಂಚು ನೋಡಿ, ಅಂಚು. ನಾನೇ ಮಾಡಿದ್ದು."

"ಓ, ನೀವು ಟೈಲರಾ?"

"ಟೈಲರಲ್ಲ, ಹೆಣಿಗೆ," ಎಂದೆ. ಜನಕ್ಕೆ ವ್ಯತ್ಯಾಸವೇ ಗೊತ್ತಿರುವುದಿಲ್ಲ.

ಆಟ ಶುರುವಾಯಿತು. ನನಗೆ ನಿಯಮ ಒಂದೂ ತಿಳಿಯದು. ಆದರೆ ಅವಳು ಓಡುವುದನ್ನು ನೋಡಬೇಕಿತ್ತು! ಎಡಭುಜ ಸ್ವಲ್ಪ ಕೆಳಗೆ, ಬಲ ಮೊಣಕೈ ಸ್ವಲ್ಪ ಹೊರಗೆ. ಗಾಳಿಯನ್ನು ಓರೆಯಾಗಿ ಸೀಳಿಕೊಂಡು ಹೋದ ಹಾಗೆ. ಅದು ಅವಳದೇ ಓಟ, ಬೇರೆ ಯಾರಿಗೂ ಬರುವುದಿಲ್ಲ. ಎಲ್ಲಿ ಚೆಂಡೋ ಅಲ್ಲಿ ಅವಳು. ಉಸಿರು ತುಂಬಿದಾಗ ಹೆಣಿಗೆ ಅಗಲವಾಗುವುದು, ಬಿಟ್ಟಾಗ ಇಳಿಯುವುದು ನನಗೆ ಅಲ್ಲಿಂದಲೇ ಕಾಣುತ್ತಿತ್ತು.

ಇನ್ನೇನು ಮುಗಿಯಬೇಕು ಎನ್ನುವಾಗ ಆ ಎತ್ತರದ ಹುಡುಗ ಎದುರಾಳಿಯ ಮೇಲೆ ಬಿದ್ದ. ಪೀಪಿ ಊದಿದಳು. ಇಡೀ ಅಂಗಣ ನಿಂತಿತು. ಮುಷ್ಟಿ ಮೇಲೆ. ಕೆಂಪು ತಂಡದ ಕೋಚು ಅವಳ ಮುಖಕ್ಕೆ ಮುಖ ಕೊಟ್ಟು ಕೂಗಾಡಿದ. ಅವಳು ಕೈ ಇಳಿಸಲಿಲ್ಲ.

ಪಕ್ಕದ ಹೆಂಗಸು ಎದ್ದು ನಿಂತರು. "ಅದು ಫೌಲೇ ಅಲ್ಲ! ಇವಳಿಗೆ ಕಣ್ಣೂ ಡೊಂಕಾ?"

ಅಷ್ಟೇ. ನಾನೂ ಎದ್ದೆ. "ನಿಮ್ಮ ಮಗನ ಕೈ ಡೊಂಕು! ಆ ಹುಡುಗನ್ನ ಚಾಪೆ ಥರ ಹಾಸಿಬಿಟ್ಟಿದಾನೆ, ಫೌಲಲ್ವಂತೆ! ಮೊದ್ಲು ಮಗನಿಗೆ ನಡಿಯಕ್ಕೆ ಕಲ್ಸಿ!" ಇನ್ನೂ ಏನೇನು ಅಂದೆನೋ. ಹಿಂದಿನ ಬೆಂಚಿನವರು ಶಿಳ್ಳೆ ಹಾಕತೊಡಗಿದರು.

ಮತ್ತೆ ವಿಷಲ್. ಈ ಸಲ ಹತ್ತಿರದಿಂದ. ಪೀಪಿ ಗೆರೆ ದಾಟಿ ನಮ್ಮ ಬೆಂಚಿನ ಮುಂದೆಯೇ ಬಂದು ನಿಂತಿದ್ದಳು. ಏದುಸಿರು ಬಿಡುತ್ತಿದ್ದಳು, ಹಣೆಯಿಂದ ಬೆವರಿಳಿಯುತ್ತಿತ್ತು. ಭುಜ ಎಲ್ಲಿತ್ತೋ ಅಲ್ಲೇ ಇತ್ತು. ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಮೇಡಂ, ಕೂತ್ಕೊಳ್ಳಿ. ಇನ್ನೊಂದು ಮಾತಾಡಿದ್ರೆ ನಿಮ್ಮನ್ನ ಹೊರಗೆ ಕಳಿಸ್ಬೇಕಾಗತ್ತೆ."

ನಾನು ಕೂತೆ. ಅವಳು ತಿರುಗಿ ಓಡಿದಳು. ಆಟ ಮತ್ತೆ ಶುರುವಾಯಿತು.

ಪಕ್ಕದವರೂ ಕೂತರು. ನನ್ನ ಕಿವಿಯ ಹತ್ತಿರ ಬಾಗಿ, "ಅವಳ ಪರ ಮಾತಾಡಿದ್ರೆ ನಿಮ್ಮನ್ನೇ ಬೈದ್ಳಲ್ರೀ! ಯಾರ ಮಗಳೋ ಏನೋ" ಎಂದರು.

"ನನ್ನ ಮಗಳು," ಎಂದೆ, ಪಿಸುಮಾತಿನಲ್ಲಿ. ಜೋರಾಗಿ ಹೇಳಿದರೆ ಹೊರಗೆ ಹಾಕಿಬಿಡುತ್ತಾಳೆ.